ಹಗಲ ಹಲ್ಲಿ



ಹಳಗನ್ನಡದ ‘ಪಲ್ಲಿ’ಯೇ ಇಂದಿನ ನಮ್ಮ ‘ಹಲ್ಲಿ’. ತಮಿಳರಿಗೆ ಅದು ಈಗಲೂ ಪಲ್ಲಿ, ತೆಲುಗರಿಗೆ ಬಲ್ಲಿ. ಹೆಸರು ಇಷ್ಟು ಹಳೆಯದಾದರೂ ಆ ಪ್ರಾಣಿಯ ರೂಪವನ್ನು ಕಣ್ತುಂಬ ನೋಡಿದವರು ನಮ್ಮಲ್ಲಿ ವಿರಳ. ಬೈಲಹೊಂಗಲ, ಕಿತ್ತೂರುಗಳ ಮನೆಗಳಲ್ಲಿ ಅದು ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುತ್ತೇವೆ. ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ಹುಡುಕುತ್ತೇವೆ. ದೀಪ ಹಚ್ಚಿದ ಮೇಲೆ ಗೋಡೆಗೆ ಬರುವ ಈ ಮಣ್ಣುಬಣ್ಣದ ಜೀವಕ್ಕೆ ನಾವು ವಹಿಸಿರುವುದು ಶಕುನ ಹೇಳುವ ಕೆಲಸವೊಂದನ್ನೇ.

ಆದರೆ ಹಲ್ಲಿಗಳೆಲ್ಲವೂ ನಿಶಾಚರಿಗಳಲ್ಲ. ಹಿಂದೂ ಮಹಾಸಾಗರದ ನಡುಗಡ್ಡೆಗಳಲ್ಲಿ ಹಗಲು ಸಂಚರಿಸುವ ಹಲ್ಲಿಗಳ ಕುಲವೊಂದಿದೆ. ಪ್ರಾಣಿಶಾಸ್ತ್ರಜ್ಞರು ಅದನ್ನು ಫೆಲ್ಸುಮ ಎನ್ನುತ್ತಾರೆ. ಮಡಗಾಸ್ಕರಿನ ದೊಡ್ಡ ಹಗಲ ಹಲ್ಲಿ ಗೇಣಿಗಿಂತ ಉದ್ದ. ಎಳೆಯ ಬಾಳೆಲೆಯಂಥ ಹಸಿರು ಮೈ, ಬೆನ್ನ ಮೇಲೆ ಕುಂಕುಮವಿಟ್ಟಂತೆ ಕೆಂಪು ಬೊಟ್ಟುಗಳು. ಇರುಳ ಹಲ್ಲಿಯ ಕಣ್ಣಪಾಪೆ ಬೆಳಕಿಗೆ ಸೀಳುಗೆರೆಯಾದರೆ, ಇದರದು ದುಂಡಗೆ. ಹುಳುಗಳ ಜೊತೆಗೆ ಹಣ್ಣು, ಹೂವಿನ ಮಕರಂದಗಳೂ ಇದರ ಆಹಾರ. ಮಾರಿಷಸ್ಸಿನಲ್ಲಿ ಇದೇ ಕುಲದ ಚಿಕ್ಕ ಹಲ್ಲಿಯೊಂದು ದುಂಬಿಯ ಹಾಗೆ ಪರಾಗವನ್ನೂ ಹೊರುತ್ತದೆ. ಈ ಕುಲದ ಒಂದು ಕುಡಿ ನಮ್ಮ ಅಂಡಮಾನಿನಲ್ಲಿಯೂ ಉಂಟು.

ಮಾರಿಷಸ್ಸಿಗೆ ಪೂರ್ವದಲ್ಲಿರುವ ರೊಡ್ರಿಗಸ್ ದ್ವೀಪದಲ್ಲಿ 1691ರಿಂದ 1693ರವರೆಗೆ ಲೆಗಾ ಎಂಬ ಫ್ರೆಂಚ್ ನಿರಾಶ್ರಿತನಿದ್ದ. ಅಲ್ಲಿಯ ತಾಳೆಮರಗಳ ಹಗಲ ಹಲ್ಲಿಗಳು ಊಟದ ಮೇಜಿಗೆ ಬಂದು, ಕೈಯಿಂದಲೇ ಕರಬೂಜ ತಿನ್ನುತ್ತಿದ್ದವೆಂದು ಆತ ಬರೆದಿದ್ದಾನೆ. ಮನುಷ್ಯನನ್ನೇ ಕಂಡರಿಯದ ಜೀವಕ್ಕೆ ಅಂಜಿಕೆ ಎಲ್ಲಿಂದ ಬರಬೇಕು? ಮುಂದೆ ಹಡಗುಗಳಲ್ಲಿ ಇಲಿ, ಬೆಕ್ಕುಗಳು ಬಂದವು; ಕಾಡು ಕರಗಿತು. 1917ರ ಈಚೆಗೆ ಆ ಹಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ.

ಎಲ್ಲ ಕಡೆಯೂ ಹೀಗೆಯೇ ಆಗಲಿಲ್ಲವೆಂಬುದು ಸಮಾಧಾನ. ಮಾರಿಷಸ್ಸಿನ ಉತ್ತರಕ್ಕಿರುವ ರೌಂಡ್ ದ್ವೀಪದಲ್ಲಿ ಮನುಷ್ಯರು ತಂದುಬಿಟ್ಟ ಆಡು, ಮೊಲಗಳು ತಾಳೆಯ ಸಸಿಗಳನ್ನು ಮೇಯುತ್ತಿದ್ದವು. 1986ರ ಹೊತ್ತಿಗೆ ಅವನ್ನೆಲ್ಲ ತೆರವು ಮಾಡಿದರು. ತಾಳೆಗಳು ಮತ್ತೆ ಚಿಗುರಿದವು. ಅವನ್ನೇ ನಂಬಿದ್ದ ಬೂದುಬಣ್ಣದ ದೊಡ್ಡ ಹಲ್ಲಿಯೂ ಉಳಿದುಕೊಂಡಿತು.

ದೂರದ ಸಮುದ್ರದ ಈ ಕಥೆ ನಮಗೇಕೆ ಎನ್ನಬಹುದು. ಕರ್ನಾಟಕಕ್ಕೂ ತನ್ನವೇ ಆದ ಹಗಲ ಹಲ್ಲಿಗಳಿವೆ. ಬೆರಳುದ್ದದವು, ಕಲ್ಲಿನ ಬಣ್ಣದವು. ಒಂದಕ್ಕಂತೂ 1853ರಲ್ಲಿಯೇ ಜೆರ್ಡನ್ ಎಂಬ ಪಂಡಿತ ಮೈಸೂರಿನ ಹೆಸರಿಟ್ಟ. ದಕ್ಷಿಣ ಭಾರತದ ಇಂಥ ಹಲ್ಲಿಗಳಲ್ಲಿ ಕೆಲವು ಒಂದೆರಡು ಗುಡ್ಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲವೆಂದು ಈಚಿನ ಶೋಧಗಳು ತೋರಿಸಿವೆ. ಬಂಡೆಯ ಬಿರುಕನ್ನೇ ಮನೆ ಮಾಡಿಕೊಂಡ ಜೀವಕ್ಕೆ ಸುತ್ತಲ ಹೊಲವೂ ಸಮುದ್ರವೇ. ಹಾಗೆ ನೋಡಿದರೆ ಸವದತ್ತಿ, ರಾಮದುರ್ಗಗಳ ಮರಳುಗಲ್ಲಿನ ಗುಡ್ಡಗಳೂ ಎರೆಭೂಮಿಯ ನಡುಗಡ್ಡೆಗಳೇ ಸರಿ. ಆ ಬಂಡೆಗಳ ಸಂದಿನಲ್ಲಿ ಏನೇನಿದೆಯೆಂದು ಕುಳಿತು ನೋಡಿದವರು ಎಷ್ಟು ಮಂದಿ? ನೋಡುವ ಮೊದಲೇ ಒಡೆದು ಜಲ್ಲಿ ಮಾಡಿದರೆ, ಕಳೆದುಕೊಂಡದ್ದು ಏನೆಂಬುದೂ ನಮಗೆ ತಿಳಿಯದು.

ಹಲ್ಲಿ ನುಡಿದಾಗ ನಮ್ಮ ಶುಭಾಶುಭಗಳನ್ನು ಇಷ್ಟು ಕಾಲ ಕೇಳಿದ್ದೇವೆ. ಇನ್ನು ಒಮ್ಮೆಯಾದರೂ ಅದರ ಕ್ಷೇಮವನ್ನು ವಿಚಾರಿಸುವುದು ಸೌಜನ್ಯವೆನಿಸೀತು.