ಕೌದಿಯ ಲೆಕ್ಕ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಹಗಲು ಮಿಷನ್, ಸಂಜೆ ಸೂಜಿ. ನಮ್ಮವರು ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದಾಗ ಜೊತೆಗೆ ಬಂದದ್ದು ಅಜ್ಜಿಯ ಕೌದಿ. ಅದನ್ನು ನೋಡಿಯೇ ಹೊಲಿಯಲು ಕಲಿತೆ.

ಈಗ ಕೈಯಲ್ಲಿ ಎರಡಿವೆ. ಒಂದು ತಂಗಿಯ ಮಗುವಿಗೆ, ಅವ್ವನ ಹತ್ತಿ ಸೀರೆಯದು, ತೊಳೆದಷ್ಟೂ ಮೆತ್ತಗಾಗುತ್ತದೆ. ಇನ್ನೊಂದು ಜೋಡಿ ಮಂಚದ್ದು, ಆರ್ಡರಿನದು.

ರಜೆ ಸಿಕ್ಕರೆ ಕರಕುಶಲ ಮೇಳಗಳಿಗೆ ಹೋಗುತ್ತೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳೆಂದರೆ ನನಗೆ ಬಲು ಇಷ್ಟ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು ಇಡದೆ ಮುಗಿಸುವುದಿಲ್ಲ. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಆ ಕೌದಿಗಳ ಪ್ರದರ್ಶನವೇ ನಡೆಯಿತು.

ನಮ್ಮಲ್ಲಿ ಮಾತ್ರ, "ಹಳೇ ಬಟ್ಟೆಗೆ ಇಷ್ಟು ದುಡ್ಡಾ?" ಎನ್ನುತ್ತಾರೆ. ಅದಕ್ಕೇ ನೋಟ್‌ಬುಕ್ ಇಟ್ಟಿದ್ದೇನೆ. ಕಳೆದ ದೊಡ್ಡ ಕೌದಿಗೆ 41 ಸಂಜೆ, ದಿನಕ್ಕೆ 2 ಗಂಟೆ. ಒಟ್ಟು 82 ಗಂಟೆ. ಫ್ಯಾಕ್ಟರಿಯ ಹತ್ತು ಪಾಳಿಗಿಂತ ಹೆಚ್ಚು! ಪುಟ ತೋರಿಸಿದೆ. ಒಬ್ಬರು ಎದ್ದು ಹೋದರು. ಇನ್ನೊಬ್ಬರು ಓದಿ, ಚೌಕಾಸಿ ಮಾಡದೆ ಕೊಂಡರು. ಈಗಿನ ಆರ್ಡರು ಕೊಟ್ಟವರೂ ಅವರೇ.

ಮಕ್ಕಳೇ, ಲೆಕ್ಕ ಬರೆಯುವುದನ್ನು ಈ ಶಾಲೆಯಲ್ಲೇ ಕಲಿತೆ. ನೀವೂ ಬರೆಯಿರಿ. ಮನೆಯಲ್ಲಿ ಅಮ್ಮ ಮಾಡುವ ಕೆಲಸದ ಗಂಟೆಗಳನ್ನೂ ಒಂದು ದಿನ ಬರೆದು ನೋಡಿ. ಆ ಪುಟವನ್ನು ಮನೆಯವರಿಗೆಲ್ಲ ಓದಿ ಹೇಳಿ.