ಅನ್ನದ ಕುಕ್ಕರು ಮತ್ತು ಕರೆಂಟಿನ ಲೆಕ್ಕ
(ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸುಲಭದ ಮಾತಲ್ಲ. ಅದರ ಬಗ್ಗೆ ಹಿರಿಯರು ಆಗಲೇ ಮಾತಾಡಿದ್ದಾರೆ. ನಮಗೆ ಒಪ್ಪಿಸಿರುವುದು ಬೇರೆ ಕೆಲಸ. ಈ ಸಲದ ಬೋನಸ್ ಹಣದಲ್ಲಿ ಕರೆಂಟಿನ ಅನ್ನದ ಕುಕ್ಕರ್ ಕೊಳ್ಳಬೇಕೆಂದು ಹಲವು ಮನೆಯವರು ಆಸೆಪಟ್ಟಿದ್ದಾರೆ. ಸಾಲದು ಬಂದರೆ ಬಟವಾಡೆಯಲ್ಲಿ ಹಿಡಿದುಕೊಳ್ಳಿ ಎಂದೂ ಕೇಳಿದ್ದಾರೆ. ಇಂಡಕ್ಷನ್ ಕುಕ್ಕರೇ ತಗೊಳ್ಳಿ, ಕರೆಂಟು ಅರ್ಧಕ್ಕರ್ಧ ಉಳಿಯುತ್ತೆ ಎಂದು ಪೇಟೆಯ ಅಂಗಡಿಯವರೊಬ್ಬರು ಹೇಳಿ ಕಳಿಸಿದ್ದಾರಂತೆ. ಹೌದೋ ಅಲ್ಲವೋ ಹೇಳಿ ಮೇಷ್ಟ್ರೇ ಎಂದು ಕಾರ್ಯದರ್ಶಿಗಳು ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ತಪ್ಪಿಗೆ ಇದು ದಂಡ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಅನ್ನದ ಕುಕ್ಕರಿನ ಮಟ್ಟಿಗೆ ಅರ್ಧಕ್ಕರ್ಧ ಉಳಿಯುವುದಿಲ್ಲ. ಯಾಕೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು.

ತಾನಾಗಿ ಆರುವ ಅನ್ನದ ಕುಕ್ಕರನ್ನು ಜಪಾನಿನ ತೋಶಿಬಾ ಕಂಪನಿ ಮಾರುಕಟ್ಟೆಗೆ ತಂದದ್ದು 1955ರಲ್ಲಿ. ಈಗಿನ ಮಾಮೂಲಿ ಕುಕ್ಕರಿನ ತಳದಲ್ಲಿ ಒಂದು ದಪ್ಪ ತಟ್ಟೆ ಇರುತ್ತದೆ. ಕರೆಂಟು ಆ ತಟ್ಟೆಯನ್ನು ಕಾಯಿಸುತ್ತದೆ, ತಟ್ಟೆ ಪಾತ್ರೆಯನ್ನು ಕಾಯಿಸುತ್ತದೆ. ಪಾತ್ರೆಯಲ್ಲಿ ನೀರು ಇರುವತನಕ ಬಿಸಿ 100 ಡಿಗ್ರಿಯ ಮೇಲೆ ಏರುವುದಿಲ್ಲ. ನೀರು ಹೀರಿಹೋದ ಕೂಡಲೇ ತಳದ ಬಿಸಿ ಏರುತ್ತದೆ, ಅಲ್ಲಿರುವ ಅಯಸ್ಕಾಂತ ತನ್ನ ಹಿಡಿತ ಬಿಡುತ್ತದೆ, ಗುಂಡಿ ಟಕ್ಕೆಂದು ಹಾರುತ್ತದೆ.

ಇಂಡಕ್ಷನ್ ಕುಕ್ಕರ್ ಬಂದದ್ದು 1988ರಲ್ಲಿ, ಅದೂ ಜಪಾನಿನಲ್ಲೇ. ಅದರಲ್ಲಿ ಕಾಯುವ ತಟ್ಟೆ ಇಲ್ಲ. ಕೆಳಗಿರುವ ತಾಮ್ರದ ಸುರುಳಿಯಿಂದ ಕಾಂತಶಕ್ತಿ ಎದ್ದು, ಪಾತ್ರೆಯ ಲೋಹದೊಳಗೇ ವಿದ್ಯುತ್ ಹರಿದು ಪಾತ್ರೆಯೇ ಕಾಯುತ್ತದೆ. ನಡುವೆ ದಲ್ಲಾಳಿ ಇಲ್ಲ ಅನ್ನಿ. ಅದಕ್ಕೇ ಅಯಸ್ಕಾಂತ ಅಂಟುವಂಥ ಪಾತ್ರೆಯೇ ಬೇಕು.

ದಲ್ಲಾಳಿ ಇಲ್ಲದಿದ್ದರೆ ಉಳಿತಾಯ ತಾನೇ ಎಂದು ಕೇಳುತ್ತೀರಿ. ಒಲೆಯ ವಿಷಯದಲ್ಲಿ ಖಂಡಿತ ಹೌದು. ಸುರುಳಿ ತಂತಿಯ ಬಯಲು ಕರೆಂಟ್ ಒಲೆಯ ಬಿಸಿ ಸುತ್ತ ಗಾಳಿಗೂ ಹೋಗುತ್ತದೆ, ಇಂಡಕ್ಷನ್ ಒಲೆ ಅದನ್ನು ಚೆನ್ನಾಗಿ ಉಳಿಸುತ್ತದೆ. ಆದರೆ ಅನ್ನದ ಕುಕ್ಕರಿನಲ್ಲಿ ತಟ್ಟೆ ಪಾತ್ರೆಗೆ ಅಂಟಿಕೊಂಡೇ ಕೂತಿದೆ, ಸುತ್ತ ಕವಚ, ಮೇಲೆ ಮುಚ್ಚಳ. ಸೋರುವುದು ಮೊದಲೇ ಕಡಿಮೆ. ಒಲೆಯ ಮಾತನ್ನು ತಂದು ಕುಕ್ಕರಿಗೆ ಹಚ್ಚಿದ್ದಾರೆ, ಅಷ್ಟೇ.

ಲೆಕ್ಕ ನೋಡೋಣ. ಅರ್ಧ ಕೆಜಿ ಅಕ್ಕಿ, ಸುಮಾರು ಒಂದೂಕಾಲು ಲೀಟರ್ ನೀರು. ಇಷ್ಟನ್ನು ಕುದಿಗೆ ತರಲು 0.12 ಯೂನಿಟ್ ಚಿಲ್ಲರೆ ಬೇಕೇ ಬೇಕು, ಯಾವ ಯಂತ್ರವಾದರೂ ಸರಿ. ಅನ್ನ ಬೇಯುವಾಗ ಇನ್ನೂರು ಗ್ರಾಂ ನೀರು ಹಬೆಯಾಗಿ ಹೋಯಿತು ಅನ್ನಿ, ಅದಕ್ಕೆ ಇನ್ನೂ ಅಷ್ಟೇ. ಅಲ್ಲಿಗೆ ಕಾಲು ಯೂನಿಟ್. 700 ವ್ಯಾಟಿನ ಮಾಮೂಲಿ ಕುಕ್ಕರ್ ಅರ್ಧ ಗಂಟೆ ಉರಿದರೆ 0.35 ಯೂನಿಟ್. ನಡುವೆ ಉಳಿದದ್ದು ಬರೀ 0.10. ಇಂಡಕ್ಷನ್ ಅದರಲ್ಲಿ ಅರ್ಧ ಉಳಿಸಿತು ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ ಎರಡು ಹೊತ್ತು ಅನ್ನಕ್ಕೆ ವರ್ಷಕ್ಕೆ 36 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 216 ರೂಪಾಯಿ. ಆ ಕುಕ್ಕರಿನ ಬೆಲೆಯೋ ಮಾಮೂಲಿಯದಕ್ಕಿಂತ ಹಲವು ಪಟ್ಟು. ಅದರ ದೊಡ್ಡ ಗುಣ ಬಿಸಿಯನ್ನು ಹದವಾಗಿ ಏರಿಸಿ ಇಳಿಸುವುದು. ಜಪಾನಿನವರ ಅಂಟಂಟು ಅನ್ನಕ್ಕೆ ಆ ಹದ ಬೇಕು. ನಮ್ಮ ಉದುರುದುರಾದ ಅನ್ನಕ್ಕೆ ಅಷ್ಟು ಉಪಚಾರ ಯಾಕೆ?

ಹಬೆಯ ಮಾತು ಮರೆಯಬಾರದು. ಒಂದು ಲೀಟರ್ ನೀರನ್ನು ಕುದಿಸಲು ಒಂದು ಪಾಲು ಕರೆಂಟು ಬೇಕಾದರೆ, ಅದೇ ನೀರನ್ನು ಪೂರ್ತಿ ಹಬೆ ಮಾಡಲು ಏಳು ಪಾಲಿಗಿಂತ ಹೆಚ್ಚು ಬೇಕು. ಬೆಂತೇನೋ ನೋಡೋಣ ಎಂದು ಗಳಿಗೆಗೊಮ್ಮೆ ಮುಚ್ಚಳ ಎತ್ತುವುದು, ಹೆಚ್ಚು ನೀರು ಸುರಿದು ಇಂಗಿಸುವುದು ನಷ್ಟ. ಅಕ್ಕಿ ಅರ್ಧ ಗಂಟೆ ನೆನೆದಿದ್ದರೆ ಬೇಗ ಬೇಯುತ್ತದೆ. ಪಾತ್ರೆಯ ತಳ ಒರೆಸಿ ಇಡಿ. ಪಾತ್ರೆಗೂ ತಟ್ಟೆಗೂ ನಡುವೆ ಒಂದೇ ಅಗುಳು ಸಿಕ್ಕಿಕೊಂಡರೂ ಬಿಸಿ ಸರಿಯಾಗಿ ದಾಟುವುದಿಲ್ಲ.

ಸಂಜೆ ಹೊತ್ತು ವೋಲ್ಟೇಜು ಇಳಿಯುವುದು ನಿಮಗೆ ಗೊತ್ತೇ ಇದೆ. 230ರ ಬದಲು 180 ಬಂದರೆ 700 ವ್ಯಾಟಿನ ಕುಕ್ಕರ್ ಸುಮಾರು 430 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಅನ್ನ ತಡವಾಗುತ್ತದೆ, ತಡವಾದಷ್ಟೂ ಬಿಸಿ ಸೋರುತ್ತದೆ. ಆದರೂ ಬೇಯುತ್ತದೆ. ಇಂಡಕ್ಷನ್ ಯಂತ್ರಗಳು ವೋಲ್ಟೇಜು ತೀರಾ ಇಳಿದರೆ ಕೂಗಿ ನಿಂತೇಬಿಡುತ್ತವೆ. ನೆಂಟರು ಬಂದ ದಿನ ಹಾಗಾದರೆ ಮನೆಯವರ ಗತಿ ಏನು?

ಈಗ ನಮ್ಮ ಮನೆಯ ಗುಟ್ಟು. ಗುಂಡಿ ಹಾರಿದ ಮೇಲೆ ಕುಕ್ಕರ್ ಆರಿತು ಎಂದೇ ನಾವು ಬಹಳ ದಿನ ತಿಳಿದಿದ್ದೆವು. ಬೆಳಿಗ್ಗೆ ಏಳಕ್ಕೆ ಅನ್ನ, ರಾತ್ರಿಯ ಊಟದ ತನಕ ಗೋಡೆಯ ಸ್ವಿಚ್ಚು ಹಾಗೇ. ಸಣ್ಣ ದೀಪ ಉರಿಯುತ್ತಲೇ ಇರುತ್ತೆ, ಯಾಕೆ ಅಂತ ಕೇಳಿದವರು ನಮ್ಮ ಮನೆಯವರು, ವಿಜ್ಞಾನದ ಮೇಷ್ಟ್ರಲ್ಲ. ಅದು ಅನ್ನವನ್ನು ಬಿಸಿಯಾಗಿಡುವ ದೀಪ. 40 ವ್ಯಾಟ್ ಹಿಡಿದರೆ ಹನ್ನೆರಡು ಗಂಟೆಗೆ 0.48 ಯೂನಿಟ್. ಅನ್ನ ಬೇಯಿಸಿದ್ದಕ್ಕಿಂತ ಹೆಚ್ಚು! ಇಂಡಕ್ಷನ್ ಕುಕ್ಕರಾದರೂ ಬಿಸಿಯಾಗಿಡಲು ಕರೆಂಟು ಬೇಕೇ. ಗೃಹಜ್ಯೋತಿ ಇದೆಯಲ್ಲ ಎನ್ನಬೇಡಿ. 2023ರಲ್ಲಿ ಅದು ಬಂದಾಗ ಹಿಂದಿನ ಸರಾಸರಿ ಬಳಕೆ ನೋಡಿ ಮನೆಮನೆಗೂ ಮಿತಿ ಗೊತ್ತುಮಾಡಿದರು. ಮಿತಿ ಮೀರಿದ್ದಕ್ಕೆ ಬಿಲ್ಲು ಬರುತ್ತದೆ.

ಆದ್ದರಿಂದ ನಿರ್ದೇಶಕರಲ್ಲಿ ನಮ್ಮ ವಿನಂತಿ: ಕುಕ್ಕರಿಗೆ ಮುಂಗಡ ಕೊಡುವುದಾದರೆ ಮಾಮೂಲಿ ಕುಕ್ಕರಿನ ಬೆಲೆಗೆ ಕೊಡಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಹಾಲಿನ ಹಣ ಹಸುವಿನ ಹಿಂಡಿಗೆ ಸಾಲದೆ ಹೋಗುತ್ತದೆ.

ನಮ್ಮ ಮಾತು ನಂಬಬೇಕಾಗಿಲ್ಲ. ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ನಿಮ್ಮ ಮೀಟರಿನ ಮೇಲೇ ಬರೆದಿರುತ್ತದೆ. 3200 ಎಂದಿದ್ದರೆ, ಫ್ಯಾನು, ಫ್ರಿಜ್ಜು, ಟಿ.ವಿ. ಎಲ್ಲ ಆರಿಸಿ ಕುಕ್ಕರ್ ಒಂದನ್ನೇ ಹಾಕಿ ಎಣಿಸಿ. ವೋಲ್ಟೇಜು ಸರಿಯಿದ್ದರೆ ಬೇಯುವಾಗ ನಿಮಿಷಕ್ಕೆ ಸುಮಾರು 37 ಸಲ, ಗುಂಡಿ ಹಾರಿದ ಮೇಲೆ ಎರಡು ಸಲ. ಆಮೇಲೆ ಗೋಡೆಯ ಸ್ವಿಚ್ಚು ಆರಿಸಿ ಇನ್ನೊಂದು ಸಲ ನೋಡಿ.