ರೋಮಿನ ಕವಿ ಲುಕ್ರೇಷಿಯಸ್ ಮತ್ತು ನಮ್ಮ ಹಣೆಬರಹ

(ಗಿರಣಿ ಕೂಲಿಕಾರರ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಮೆಟ್ರಿಕ್ ಮುಗಿಸಿದ ಒಬ್ಬ ಮಾಸ್ತರ, ಪಂಡಿತನಲ್ಲ. ಎರಡು ಸಾವಿರ ವರ್ಷಗಳ ಹಿಂದಿನ ರೋಮಿನ ಕವಿಯನ್ನು ಈ ಸಭೆಗೆ ಏಕೆ ಕರೆತಂದೆನೆಂದು ನೀವು ಕೇಳಬಹುದು. ಹೇಳುತ್ತೇನೆ.

ನಾನು ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಗಿರಣಿಯಲ್ಲಿ ಯಂತ್ರದ ಪಟ್ಟಾ ಹರಿದು ಒಬ್ಬ ಕೂಲಿಕಾರನ ಬಲಗೈ ಹೋಯಿತು. ಗಿರಣಿಯ ಹೆಸರು ಬೇಡ. ಆಸ್ಪತ್ರೆಗೆ ಹೋಗಿ, ಪರಿಹಾರಕ್ಕೆ ಅರ್ಜಿ ಬರೆಯೋಣ ಎಂದೆ. ಆತ ತಲೆಯಲ್ಲಾಡಿಸಿದ. "ಬ್ಯಾಡ್ರಿ ಮಾಸ್ತರ, ನನ್ನ ಹಣ್ಯಾಗ ಬರದಿತ್ತು. ಮಾಲಕರರ ಏನ ಮಾಡ್ಯಾರು?" ಎಂದ. ನನಗೆ ಉತ್ತರ ತೋಚಲಿಲ್ಲ. ಕೆಲವು ತಿಂಗಳ ಮೇಲೆ, ಶಬ್ದಕೋಶ ಪಕ್ಕಕ್ಕಿಟ್ಟುಕೊಂಡು ಈ ಕವಿಯ ಗ್ರಂಥವನ್ನು ಇಂಗ್ಲಿಷಿನಲ್ಲಿ ಓದಿದಾಗ ಉತ್ತರ ಸಿಕ್ಕಿತು.

ಕವಿಯ ಹೆಸರು ಟೈಟಸ್ ಲುಕ್ರೇಷಿಯಸ್ ಕೇರಸ್. ಕ್ರಿ. ಪೂ. 99ರ ಸುಮಾರಿಗೆ ಹುಟ್ಟಿ 55ರ ಸುಮಾರಿಗೆ ತೀರಿಕೊಂಡನೆಂದು ಎಣಿಕೆ. ಅವನ ಬದುಕಿನ ವಿವರ ಹೆಚ್ಚೇನೂ ಉಳಿದಿಲ್ಲ. ಉಳಿದಿರುವುದು ಒಂದೇ ಗ್ರಂಥ, 'ವಸ್ತುಗಳ ಸ್ವಭಾವ' ಎಂಬ ಲ್ಯಾಟಿನ್ ಕಾವ್ಯ. ಆರು ಭಾಗ, ಏಳು ಸಾವಿರಕ್ಕೂ ಮಿಕ್ಕಿದ ಸಾಲುಗಳು. ಗ್ರೀಸಿನ ಎಪಿಕ್ಯೂರಸ್ (ಕ್ರಿ. ಪೂ. 341–270) ಅವನ ಗುರು, ಕಣ್ಣಾರೆ ಕಂಡ ಗುರುವಲ್ಲ, ಓದಿ ಪಡೆದ ಗುರು. ತತ್ತ್ವವನ್ನು ಪದ್ಯದಲ್ಲಿ ಹೇಳಿದ್ದೇಕೆಂದರೆ, ಮಕ್ಕಳಿಗೆ ಕಹಿ ಮದ್ದು ಕುಡಿಸುವ ವೈದ್ಯ ಬಟ್ಟಲಿನ ಅಂಚಿಗೆ ಜೇನು ಸವರುವ ಹಾಗೆ ಎನ್ನುತ್ತಾನೆ.

ಮನುಷ್ಯನನ್ನು ಕುಗ್ಗಿಸುವುದು ಎರಡು ಹೆದರಿಕೆಗಳು ಎಂದು ಅವನ ಮತ. ದೇವತೆಗಳ ಸಿಟ್ಟಿನ ಹೆದರಿಕೆ ಒಂದು, ಸಾವಿನ ಹೆದರಿಕೆ ಇನ್ನೊಂದು. ಇವಕ್ಕೆ ಮದ್ದು ಪೂಜೆಯಲ್ಲ, ಪ್ರಕೃತಿಯ ತಿಳಿವಳಿಕೆ. ಬರಿದರಿಂದ ವಸ್ತು ಹುಟ್ಟದು, ಇದ್ದ ವಸ್ತು ಬರಿದಾಗಿ ಅಳಿಯದು. ಇರುವುದೆಲ್ಲ ಕಣ್ಣಿಗೆ ಕಾಣದ ಪರಮಾಣುಗಳು ಮತ್ತು ಅವು ಓಡಾಡುವ ಬಯಲು. ಅವು ಕೂಡಿದರೆ ಹುಟ್ಟು, ಬಿಡಿಸಿಕೊಂಡರೆ ಸಾವು.

ಕಾಣದ್ದನ್ನು ನಂಬುವುದು ಹೇಗೆ? ಅವನು ಕೊಡುವ ಸಾಕ್ಷಿಗಳು ದುಡಿಯುವವರು ದಿನವೂ ಕಾಣುವಂಥವು. ಕಡಲ ದಂಡೆಯಲ್ಲಿ ತೂಗಹಾಕಿದ ಬಟ್ಟೆ ತೇವಗೊಳ್ಳುತ್ತದೆ, ಬಿಸಿಲಿಗೆ ಹರವಿದರೆ ಒಣಗುತ್ತದೆ. ನೀರು ಬಂದದ್ದನ್ನು ಕಂಡವರಿಲ್ಲ, ಹೋದದ್ದನ್ನು ಕಂಡವರೂ ಇಲ್ಲ. ಬೆರಳಿನ ಉಂಗುರ ವರ್ಷಗಳು ಕಳೆದಂತೆ ತೆಳುವಾಗುತ್ತದೆ. ನೇಗಿಲ ಗುಳ ಹೊಲದಲ್ಲೇ ಸವೆಯುತ್ತದೆ. ಇನ್ನು ತಕ್ಕಡಿ ಹಿಡಿಯುವವರು ಕೇಳಿರಿ: ಉಣ್ಣೆಯ ಉಂಡೆಯೂ ಸೀಸದ ಗುಂಡೂ ಗಾತ್ರದಲ್ಲಿ ಒಂದೇ ಇದ್ದರೂ ತೂಕ ಬೇರೆ ಏಕೆ? ಉಣ್ಣೆಯೊಳಗೆ ಬಯಲು ಹೆಚ್ಚು, ಅದಕ್ಕೆ.

ಸಿಡಿಲು ಜ್ಯೂಪಿಟರ್ ದೇವರ ಆಯುಧವೆಂದು ರೋಮಿನ ಜನ ನಂಬಿದ್ದರು. ಹಾಗಿದ್ದರೆ ಪಾಪಿಯನ್ನು ಬಿಟ್ಟು ನಿರಪರಾಧಿಗೆ ಏಕೆ ಬಡಿಯುತ್ತದೆ, ದೇವಾಲಯದ ಮೇಲೆಯೇ ಏಕೆ ಬೀಳುತ್ತದೆ ಎಂದು ಅವನ ಪ್ರಶ್ನೆ. ದೇವತೆಗಳೇ ಇಲ್ಲವೆಂದು ಅವನು ಹೇಳಲಿಲ್ಲ. ಅವರು ತಮ್ಮ ಪಾಡಿಗೆ ಸುಖವಾಗಿದ್ದಾರೆ, ನಮ್ಮ ಗೊಡವೆಗೆ ಬರುವುದಿಲ್ಲ ಎಂದ. ಸಾವಿನ ಬಗ್ಗೆ ಅವನ ಮಾತು ಸರಳ: ನಾವು ಹುಟ್ಟುವ ಮುಂಚೆ ಕಳೆದ ಕಾಲ ನಮ್ಮನ್ನು ನೋಯಿಸಲಿಲ್ಲ, ಸತ್ತ ಮೇಲಿನ ಕಾಲವೂ ನೋಯಿಸದು.

ಈಗ ಆ ಪಟ್ಟಾದ ಮಾತಿಗೆ ಬರೋಣ. ಅದು ಒಂದೇ ದಿನಕ್ಕೆ ಹರಿಯಲಿಲ್ಲ. ಉಂಗುರದ ಹಾಗೆ, ಗುಳದ ಹಾಗೆ, ದಿನಕ್ಕಿಷ್ಟು ಸವೆಯಿತು. ಸವೆದದ್ದು ಕೂಲಿಕಾರರಿಗೆ ಗೊತ್ತಿತ್ತು. ಜಾಬರನಿಗೆ ಎರಡು ಸಲ ಹೇಳಿದ್ದರು. ಹೊಸ ಪಟ್ಟಾದ ಖರ್ಚು ಯಾರಿಗೋ ಬೇಡವಾಗಿತ್ತು. ಇದರಲ್ಲಿ ಹಣೆಬರಹ ಎಲ್ಲಿ ಬಂತು? ಕಾರಣ ಇರುವಲ್ಲಿ ಹಣೆಬರಹ ಅನ್ನುವುದು ತಪ್ಪಿತಸ್ಥನಿಗೆ ಕೊಡುವ ಮಾಫಿ.

ಕವಿಯನ್ನು ಹೊಗಳಿಯೇ ಮುಗಿಸಲಾರೆ. ಸೂರ್ಯ ನಮಗೆ ಕಾಣುವಷ್ಟೇ ದೊಡ್ಡವನೆಂದು ಅವನು ನಂಬಿದ್ದ, ಅದು ತಪ್ಪು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕ್ರಿ. ಪೂ. 73ರಿಂದ 71ರವರೆಗೆ, ಅವನ ಕಾಲದಲ್ಲೇ, ಸ್ಪಾರ್ಟಕಸನ ನಾಯಕತ್ವದಲ್ಲಿ ಗುಲಾಮರು ದಂಗೆಯೆದ್ದರು. ಸೋತ ಮೇಲೆ ಸೆರೆಸಿಕ್ಕ ಆರು ಸಾವಿರ ಜನರನ್ನು ಆಪಿಯನ್ ರಸ್ತೆಯ ಉದ್ದಕ್ಕೂ ಶಿಲುಬೆಗೇರಿಸಿದರು. ಕಾವ್ಯದಲ್ಲಿ ಆ ಮಾತೇ ಇಲ್ಲ. ಕಾವ್ಯ ಬರೆದದ್ದು ಮೆಮ್ಮಿಯಸ್ ಎಂಬ ಸಿರಿವಂತ ಸರದಾರನನ್ನು ಉದ್ದೇಶಿಸಿ. ಅವನು ಹೆದರಿಕೆ ಬಿಡಿಸಿದ, ಒಗ್ಗಟ್ಟು ಕಲಿಸಲಿಲ್ಲ. ಅದು ನಮ್ಮ ಪಾಲಿನ ಕೆಲಸ.

ನಮ್ಮ ಚಾರ್ವಾಕರ ಮೂಲಗ್ರಂಥಗಳು ಉಳಿಯಲಿಲ್ಲ. ಅವರ ವಾದವನ್ನು ಬಹುಮಟ್ಟಿಗೆ ವಿರೋಧಿಗಳ ಖಂಡನೆಗಳಿಂದಲೇ ತಿಳಿಯಬೇಕಾಗಿದೆ. ಲುಕ್ರೇಷಿಯಸನ ಗ್ರಂಥವೂ ಶತಮಾನಗಳ ಕಾಲ ಮೂಲೆಗೆ ಬಿದ್ದಿತ್ತು. 1417ರಲ್ಲಿ ಪೋಜಿಯೋ ಬ್ರಾಚ್ಚೊಲೀನಿ ಎಂಬ ಇಟಲಿಯ ವಿದ್ವಾಂಸನಿಗೆ ಒಂದು ಮಠದ ಪುಸ್ತಕ ಭಂಡಾರದಲ್ಲಿ ಅದರ ಪ್ರತಿ ಸಿಕ್ಕಿತು. 1841ರಲ್ಲಿ ಕಾರ್ಲ್ ಮಾರ್ಕ್ಸ್ ಡಾಕ್ಟರ್ ಪದವಿಗೆ ಬರೆದ ಪ್ರಬಂಧ ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸರ ಪರಮಾಣುವಾದವನ್ನು ಕುರಿತದ್ದೇ. ಬಿಸಿಲುಕೋಲಿನಲ್ಲಿ ಆಡುವ ಧೂಳನ್ನು ಕಾಣದ ಕಣಗಳು ತಳ್ಳುತ್ತವೆ ಎಂದು ಕವಿ ಊಹಿಸಿದ್ದ. ಧೂಳನ್ನು ಹೆಚ್ಚಾಗಿ ಓಲಾಡಿಸುವುದು ಗಾಳಿಯೇ ಆದರೂ, ನೀರಿನಲ್ಲಿ ತೇಲುವ ಅತಿಸಣ್ಣ ಕಣಗಳ ಚಡಪಡಿಕೆಗೆ ಕಾಣದ ಅಣುಗಳ ಹೊಡೆತ ಕಾರಣವೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕಹಾಕಿ ತೋರಿಸಿದರು. ಫ್ರಾನ್ಸಿನ ಪೆರಾಂ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿ 1926ರಲ್ಲಿ ನೊಬೆಲ್ ಬಹುಮಾನ ಪಡೆದರು.

ಕೈ ಕಳೆದುಕೊಂಡ ಆ ಸಂಗಾತಿಯ ಮನೆಗೆ ನಾನು ಮತ್ತೆ ಹೋದೆ. ಉಂಗುರದ ಮಾತು ಹೇಳಿದೆ, ಪಟ್ಟಾದ ಮಾತು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತಿದ. ಪರಿಹಾರ ಬಂತು; ತಡವಾಗಿ ಬಂತು, ಕೇಳಿದ್ದಕ್ಕಿಂತ ಕಡಿಮೆ ಬಂತು. ಆದರೆ ಆ ಗಿರಣಿಯ ಸವೆದ ಪಟ್ಟಾಗಳನ್ನೆಲ್ಲ ಬದಲಾಯಿಸಿದರು.

ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಯಂತ್ರದ ಪಟ್ಟಾ ನೋಡಿರಿ. ಸವೆದಿದ್ದರೆ ಒಬ್ಬರೇ ಹೇಳಬೇಡಿ, ಹತ್ತು ಜನ ಕೂಡಿ ಹೇಳಿರಿ.